ಇನ್‌ಪುಟ್ ಶಾರ್ಟ್ ಮಾಡಿದರೂ ಆಂಪ್ಲಿಫೈಯರ್ ಗುಂಯ್ ಅನ್ನುತ್ತಿದೆ, ಗ್ರೌಂಡ್ ಎಲ್ಲಿ ತಪ್ಪಿದೆ?

ಬೆಸುಗೆ ಬಂಟ:

ಎಲ್ಲರಿಗೂ ನಮಸ್ಕಾರ. ಎಲ್‌ಎಂ3886 ಚಿಪ್ ಹಾಕಿ ಸ್ಟೀರಿಯೋ ಆಂಪ್ಲಿಫೈಯರ್ ಕಟ್ಟಿದ್ದೇನೆ. ಇದು ನನ್ನ ಎರಡನೇ ಪ್ರಾಜೆಕ್ಟ್. ಹಾಡು ಚೆನ್ನಾಗಿಯೇ ಬರುತ್ತದೆ. ಹಾಡು ನಿಂತ ಕೂಡಲೇ ಮಾತ್ರ ಡಬ್ಬಿಯೊಳಗೆ ಜೇನುಹುಳ ಸಿಕ್ಕಿಕೊಂಡ ಹಾಗೆ ಎರಡೂ ಸ್ಪೀಕರಿನಿಂದ ಒಂದು ಸದ್ದು. ರಾತ್ರಿ ಹೊತ್ತು ದೂರದ ಕುರ್ಚಿಯಲ್ಲಿ ಕೂತರೂ ಕೇಳಿಸುತ್ತದೆ, ಒಮ್ಮೆ ಕಿವಿಗೆ ಬಿತ್ತು ಅಂದರೆ ಆಮೇಲೆ ಅದೇ ಕೇಳಿಸುತ್ತಿರುತ್ತದೆ.

ಒಳಗೆ ಏನಿದೆ ಅಂದರೆ, 300 ವಿಎ ಟೊರಾಯ್ಡ್ (ಬಳೆ ಆಕಾರದ ಕೋರ್ ಇರುವ) ಟ್ರಾನ್ಸ್‌ಫಾರ್ಮರ್, 20 ವೋಲ್ಟಿನ ಎರಡು ಬೇರೆ ಬೇರೆ ಸೆಕೆಂಡರಿ, ಒಂದೊಂದಕ್ಕೂ ಒಂದೊಂದು ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್). ಪ್ಲಸ್ ಕಡೆ ಒಂದು, ಮೈನಸ್ ಕಡೆ ಒಂದು ದೊಡ್ಡ ಕೆಪಾಸಿಟರ್. ಮೊದಲು 4,700 ಮೈಕ್ರೋಫ್ಯಾರಡ್ ಇತ್ತು. ಹಮ್ (ಈ ಗುಂಯ್ ಸದ್ದು) ಬಂತಲ್ಲ, ಫಿಲ್ಟರ್ ಸಾಲದು ಅಂದುಕೊಂಡು 10,000 ಹಾಕಿದೆ. ಕಮ್ಮಿ ಆಗುವ ಬದಲು ಸ್ವಲ್ಪ ಜಾಸ್ತಿಯೇ ಆದ ಹಾಗಿದೆ. ಇದು ನನಗೆ ಅರ್ಥವೇ ಆಗುತ್ತಿಲ್ಲ.

ಗ್ರೌಂಡ್ ವೈರುಗಳನ್ನೆಲ್ಲ ಚಾಸಿಯ (ಲೋಹದ ಡಬ್ಬಿಯ) ಒಂದೇ ಬೋಲ್ಟಿಗೆ ತಂದಿದ್ದೇನೆ. ಸ್ಟಾರ್ ಗ್ರೌಂಡ್ ಮಾಡಿ ಅಂತ ಎಲ್ಲ ಕಡೆ ಓದಿದ್ದೆ, ಹಾಗೇ ಮಾಡಿದ್ದೇನೆ. ವಾಲ್ಯೂಮ್ ತಿರುಗಿಸಿದರೆ ಸದ್ದು ಬದಲಾಗುವುದಿಲ್ಲ. ಕಂಪ್ಯೂಟರಿಗೆ ಸಿಕ್ಕಿಸಿದರೆ ಇದರ ಜೊತೆಗೆ ಇನ್ನೊಂದು ದಪ್ಪ ಹೂಂಕಾರ ಸೇರಿಕೊಳ್ಳುತ್ತದೆ, ಮೌಸ್ ಆಡಿಸಿದಾಗ ಕಿರಕಿರ ಬೇರೆ. ಶೀಲ್ಡ್ ವೈರ್ ಬದಲಿಸಬೇಕಾ? ಟ್ರಾನ್ಸ್‌ಫಾರ್ಮರಿಗೆ ಅಲ್ಯೂಮಿನಿಯಂ ಡಬ್ಬಿ ಮುಚ್ಚಬೇಕಾ?

ಹಳೇ ವಾಲ್ವ್:

ಏನನ್ನೂ ಬದಲಿಸಬೇಡಿ. ಮೊದಲು ನಿಮಗಿರುವುದು ಒಂದು ಕಾಯಿಲೆಯಲ್ಲ, ಎರಡು ಅನ್ನುವುದನ್ನು ತಲೆಗೆ ಹಾಕಿಕೊಳ್ಳಿ. ಜೇನುಹುಳದ್ದು ಆಂಪ್ಲಿಫೈಯರ್ ಒಳಗಿನದು. ಹೂಂಕಾರ ಹೊರಗಿನಿಂದ ಬರುವುದು. ಎರಡನ್ನೂ ಒಟ್ಟಿಗೆ ಹಿಡಿಯಲು ಹೋದರೆ ಒಂದೂ ಸಿಗುವುದಿಲ್ಲ.

ಕಿವಿಯಲ್ಲೇ ಗುರುತು ಹಿಡಿಯಬಹುದು. ಮನೆಯ ಕರೆಂಟು 50 ಹರ್ಟ್ಸ್. ಅದು ನೇರವಾಗಿ ಸೇರಿಕೊಂಡರೆ ನುಣುಪಾದ, ದಪ್ಪ ಸದ್ದು. ಬ್ರಿಡ್ಜ್ ದಾಟಿದ ಮೇಲೆ ಅದೇ 100 ಆಗುತ್ತದೆ, ಜೊತೆಗೆ 200, 300, 400 ಅಂತ ಅದರ ಬಾಲ. ಅದಕ್ಕೇ ಅದು ಹುಳದ ಹಾಗೆ ಚೂಪಾಗಿ ಕೇಳಿಸುವುದು. ಚೂಪಾದದ್ದು ಬಂದರೆ ಕೆಪಾಸಿಟರ್ ಸುತ್ತಮುತ್ತ ಹುಡುಕಿ. ನುಣುಪಾದದ್ದು ಬಂದರೆ ಅರ್ಥಿಂಗ್ ಲೂಪ್ (ಅರ್ಥಿಂಗ್ ವೈರು, ಕೇಬಲ್ ಸೇರಿ ಆಗುವ ಉಂಗುರ) ಅಥವಾ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ.

ಎರಡು ಕೆಲಸ ಮಾಡಿ ಹೇಳಿ. ಆರ್‌ಸಿಎ (ಆಡಿಯೋ ಕೇಬಲ್ಲಿನ) ಪ್ಲಗ್ಗಿನ ನಡುವಿನ ಪಿನ್ನನ್ನೂ ಹೊರಗಿನ ಬಳೆಯನ್ನೂ ಬೆಸೆದು ಎರಡು ಶಾರ್ಟಿಂಗ್ ಪ್ಲಗ್ ಮಾಡಿಕೊಂಡು ಇನ್‌ಪುಟ್ಟಿಗೆ ಹಾಕಿ, ವಾಲ್ಯೂಮ್ ಪೂರ್ತಿ ಇಳಿಸಿ, ಅರ್ಧಕ್ಕೆ ತಂದು, ಪೂರ್ತಿ ಏರಿಸಿ, ಮೂರೂ ಸಲ ಸ್ಪೀಕರ್ ಟರ್ಮಿನಲ್ಲಿನಲ್ಲಿ ಎಸಿ ಮಿಲಿವೋಲ್ಟ್ ಅಳೆಯಿರಿ. ಆಮೇಲೆ ಆ ಬೋಲ್ಟಿಗೆ ಯಾವ ಯಾವ ವೈರು ಬಂದಿದೆ, ಎಲ್ಲಿಂದ ಬಂದಿದೆ, ಎಷ್ಟು ಉದ್ದ ಅಂತ ಬರೆಯಿರಿ. ಫೋಟೋಗಿಂತ ಅದೇ ಜಾಸ್ತಿ ಉಪಯೋಗ.

ಕಿವಿ ಚುರುಕು:

ಇಷ್ಟೆಲ್ಲ ಯಾಕೆ? ಆಂಪ್ಲಿಫೈಯರಿನ ಪ್ಲಗ್‌ನಲ್ಲಿ ಅರ್ಥಿಂಗ್ ವೈರ್ ಬಿಚ್ಚಿ ಬಿಡಿ, ಹಮ್ ಅಲ್ಲಿಗೇ ಮುಗಿಯಿತು. ನನ್ನದು ಎರಡು ವರ್ಷದಿಂದ ಹಾಗೇ ನಡೆಯುತ್ತಿದೆ, ಏನೂ ಆಗಿಲ್ಲ.

ಲೈನ್‌ಮ್ಯಾನ್ ಮಗ:

ಇದನ್ನು ಯಾರೂ ಮಾಡಬೇಡಿ. ಮಾಡಿದವರು ಇವತ್ತೇ ವಾಪಸ್ ಹಾಕಿ.

ಲೋಹದ ಡಬ್ಬಿಯೊಳಗೆ ಫೇಸ್ ವೈರ್ ಒಂದು ದಿನ ಟರ್ಮಿನಲ್ಲಿನಿಂದ ಕಳಚಿ ಚಾಸಿಗೆ ತಾಗಿತು ಅಂದುಕೊಳ್ಳಿ. ಅರ್ಥಿಂಗ್ ಇದ್ದರೆ ದೊಡ್ಡ ಕರೆಂಟು ಹರಿದು ಫ್ಯೂಸ್ ಹಾರುತ್ತದೆ, ನಿಮಗೆ ನಷ್ಟ ಒಂದು ಫ್ಯೂಸ್. ಇಲ್ಲದಿದ್ದರೆ ಡಬ್ಬಿ 230 ವೋಲ್ಟಿನಲ್ಲಿ ಸುಮ್ನೆ ಕೂತಿರುತ್ತದೆ, ಯಾರಾದರೂ ಮುಟ್ಟುವ ತನಕ. ಅಷ್ಟೇ ಅಲ್ಲ, ಆರ್‌ಸಿಎ ಕೇಬಲ್ಲಿನ ಶೀಲ್ಡ್ ಮೂಲಕ ಅದಕ್ಕೆ ಸಿಕ್ಕಿಸಿದ ಎಲ್ಲ ಯಂತ್ರದ ಮೈಗೂ ಕರೆಂಟು ಬರುತ್ತದೆ. ಎರಡು ವರ್ಷ ಏನೂ ಆಗಿಲ್ಲ ಅಂದರೆ ವೈರ್ ಇನ್ನೂ ಕಳಚಿಲ್ಲ ಅಂತ ಅಷ್ಟೇ ಅರ್ಥ.

ಎರಡೇ ಪಿನ್ನಿನ ಕಂಪನಿ ಆಂಪ್ಲಿಫೈಯರ್ ಇದೆಯಲ್ಲ ಅಂತ ಕೇಳಬೇಡಿ. ಅವುಗಳ ಮೇಲೆ ಚೌಕದೊಳಗೆ ಚೌಕದ ಗುರುತು ಇರುತ್ತದೆ, ಒಳಗೆ ಎರಡು ಪದರ ಇನ್ಸುಲೇಶನ್ ಹಾಕಿ ಪರೀಕ್ಷೆ ಮಾಡಿಯೇ ಕಳಿಸಿರುತ್ತಾರೆ. ಮನೆಯಲ್ಲಿ ಕಟ್ಟಿದ ಡಬ್ಬಿಗೆ ಆ ಲೆಕ್ಕ ಹೊಂದುವುದಿಲ್ಲ.

ಬಂಟ ಅವರೇ, ನಿಮ್ಮ ಅರ್ಥಿಂಗ್ ವೈರ್ ಕೂಡ ಅದೇ ಸ್ಟಾರ್ ಬೋಲ್ಟಿನಲ್ಲಿದ್ದರೆ ತೆಗೆದು ಅದಕ್ಕೇ ಅಂತ ಬೇರೆ ಬೋಲ್ಟ್ ಕೊಡಿ, ಮೇನ್ಸ್ ಸಾಕೆಟ್ಟಿನ ಹತ್ತಿರ, ಕೆಳಗಿನ ಪೇಂಟ್ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿಯಾಗಿ. ಆ ಬೋಲ್ಟಿಗೆ ಇನ್ನೇನನ್ನೂ ಸೇರಿಸಬೇಡಿ.

ಬೆಸುಗೆ ಬಂಟ:

ಅರ್ಥಿಂಗ್ ಬೇರೆ ಬೋಲ್ಟಿಗೆ ಹಾಕಿದೆ. ಧನ್ಯವಾದ ಸರ್.

ಅಳತೆ ಇಲ್ಲಿದೆ. ನನ್ನ ಮೀಟರಿನಲ್ಲಿ ಎಸಿ ಅಂದರೆ 200 ವೋಲ್ಟೇ ಕಡಿಮೆ ರೇಂಜ್, ಹಾಗಾಗಿ ಮಿಲಿವೋಲ್ಟ್ ತೋರಿಸುವುದನ್ನು ಸ್ನೇಹಿತನ ಹತ್ತಿರ ತಂದೆ. ಶಾರ್ಟಿಂಗ್ ಪ್ಲಗ್ ಹಾಕಿದರೆ ಎರಡೂ ಚಾನಲ್ಲಿನಲ್ಲಿ ಸುಮಾರು 6 ಮಿಲಿವೋಲ್ಟ್. ವಾಲ್ಯೂಮ್ ಎಲ್ಲಿಟ್ಟರೂ ಅಷ್ಟೇ. ಕಂಪ್ಯೂಟರ್ ಸಿಕ್ಕಿಸಿ, ಹಾಡು ಹಾಕದೆ, ವಾಲ್ಯೂಮ್ ಪೂರ್ತಿ ಏರಿಸಿದರೆ 11.

ಬೋಲ್ಟಿನಲ್ಲಿ ಏನಿದೆ ಅಂದರೆ: ಪ್ಲಸ್ ಬ್ರಿಡ್ಜಿನ ಮೈನಸ್ ಕಾಲಿನ ವೈರು. ಅದು ಕೆಪಾಸಿಟರ್ ತನಕ ಮುಟ್ಟಲಿಲ್ಲ, ಗಿಡ್ಡ ಆಯಿತು, ಹಾಗಾಗಿ ಬೋಲ್ಟಿಗೆ ಹಾಕಿ, ಅಲ್ಲಿಂದ ಕೆಪಾಸಿಟರ್ ಕಾಲಿಗೆ 5 ಸೆಂಟಿಮೀಟರ್ ವೈರ್ ಕೊಟ್ಟೆ. ಇನ್ನೊಂದು ಬ್ರಿಡ್ಜಿನದು ನೇರ ಅದರ ಕೆಪಾಸಿಟರಿಗೇ ಹೋಗುತ್ತದೆ. ಎರಡು ಚಾನಲ್ ಬೋರ್ಡಿನ ಗ್ರೌಂಡ್ ಕೂಡ ಕೆಪಾಸಿಟರ್ ಕಾಲಿನಿಂದ. ಪಾಟ್ (ವಾಲ್ಯೂಮ್ ಕಂಟ್ರೋಲ್) ಮತ್ತು ಆರ್‌ಸಿಎ ಗ್ರೌಂಡ್ ಬೋಲ್ಟಿಗೆ. ಸ್ಪೀಕರಿನ ಮೈನಸ್ ಎರಡೂ ಬೋಲ್ಟಿಗೆ. ವೈರ್ ಎಲ್ಲ 1 ಚದರ ಮಿಲಿಮೀಟರಿನದು, ಒಳ್ಳೆ ದಪ್ಪವೇ.

ಹಳೇ ವಾಲ್ವ್:

ಸಿಕ್ಕಿತು. ಆ 5 ಸೆಂಟಿಮೀಟರ್ ತುಂಡೇ ನಿಮ್ಮ ಜೇನುಹುಳ.

ಲೆಕ್ಕ ಹಾಕೋಣ, ಯಾಕೆಂದರೆ ಇಷ್ಟು ಚಿಕ್ಕ ವೈರು ಏನು ಮಾಡೀತು ಅಂತ ಎಲ್ಲರಿಗೂ ಅನಿಸುತ್ತದೆ. 1 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಮೀಟರಿಗೆ ಸುಮಾರು 17 ಮಿಲಿಓಮ್. ಅಂದರೆ ನಿಮ್ಮ ತುಂಡಿಗೆ 0.85 ಮಿಲಿಓಮ್. ಹಾಡು ಇಲ್ಲದಾಗ ನಿಮ್ಮ ಎರಡು ಚಿಪ್ ಸೇರಿ ಹೆಚ್ಚುಕಮ್ಮಿ 0.1 ಆಂಪಿಯರ್ ಎಳೆಯುತ್ತವೆ. ಆದರೆ ಬ್ರಿಡ್ಜ್ ಆ 0.1 ಆಂಪಿಯರನ್ನು ಒಂದೇ ಸಮನೆ ಕೊಡುವುದಿಲ್ಲ. ಟ್ರಾನ್ಸ್‌ಫಾರ್ಮರಿನ ವೋಲ್ಟೇಜ್ ತುದಿ ಮುಟ್ಟಿದಾಗ ಮಾತ್ರ ಡಯೋಡ್ ಬಾಗಿಲು ತೆರೆಯುತ್ತದೆ, 10 ಮಿಲಿಸೆಕೆಂಡಿಗೊಮ್ಮೆ, ಅದೂ 1 ಮಿಲಿಸೆಕೆಂಡ್ ಆಸುಪಾಸು. ಇಡೀ ದಿನದ ನೀರನ್ನು ಅರ್ಧ ಗಂಟೆ ನಲ್ಲಿ ಬಂದಾಗ ಹಿಡಿದುಕೊಳ್ಳುವ ಹಾಗೆ. ಅಷ್ಟರಲ್ಲೇ ಪೂರ್ತಿ ತುಂಬಬೇಕಲ್ಲ, ಹಾಗಾಗಿ ಆ ಹೊತ್ತಿಗೆ ಹರಿಯುವುದು 0.1 ಅಲ್ಲ, ಹತ್ತಿರ ಹತ್ತಿರ 1 ಆಂಪಿಯರ್. 1 ಆಂಪಿಯರ್ 0.85 ಮಿಲಿಓಮ್ ದಾಟಿದರೆ 0.85 ಮಿಲಿವೋಲ್ಟ್ ಮೊಳೆ, ಅಂದರೆ ಮೊಳೆಯಂಥ ಚೂಪು ಏರಿಕೆ, ಸೆಕೆಂಡಿಗೆ 100 ಸಲ.

ಈಗ ನೋಡಿ, ನಿಮ್ಮ ಪಾಟಿನ ಗ್ರೌಂಡ್ ಈ ತುಂಡಿನ ಒಂದು ತುದಿಯಲ್ಲಿದೆ, ಬೋರ್ಡಿನ ಗ್ರೌಂಡ್ ಇನ್ನೊಂದು ತುದಿಯಲ್ಲಿದೆ. ಚಿಪ್ಪಿಗೆ ಆ 0.85 ಮಿಲಿವೋಲ್ಟೂ ಹಾಡೇ. ಅದನ್ನು ಗೇನ್ (ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವ ಲೆಕ್ಕ) 21ರಿಂದ ಗುಣಿಸಿ ಸ್ಪೀಕರಿಗೆ ಕಳಿಸುತ್ತದೆ, 18 ಮಿಲಿವೋಲ್ಟ್ ಎತ್ತರದ ಮೊಳೆ. ತೆಳ್ಳಗಿನ ಮೊಳೆ ಆದ್ದರಿಂದ ಮೀಟರಿನಲ್ಲಿ 5-6 ಅಂತ ಕಾಣುತ್ತದೆ. ನಿಮಗೆ ಬಂದದ್ದು 6. ವಾಲ್ಯೂಮಿಗೆ ಬಗ್ಗದಿರುವುದಕ್ಕೂ ಇದೇ ಕಾರಣ, ಗಲಾಟೆ ಇರುವುದು ಪಾಟಿನ ಕಾಲ ಕೆಳಗೆ.

ಕೆಪಾಸಿಟರ್ ದೊಡ್ಡದು ಮಾಡಿದಾಗ ಜಾಸ್ತಿ ಯಾಕಾಯಿತು? ದೊಡ್ಡ ಕೆಪಾಸಿಟರಿನ ವೋಲ್ಟೇಜ್ ನಡುವೆ ಕಡಿಮೆ ಇಳಿಯುತ್ತದೆ, ಹಾಗಾಗಿ ಡಯೋಡ್ ಇನ್ನೂ ಕಮ್ಮಿ ಹೊತ್ತು ತೆರೆಯುತ್ತದೆ, ಮೊಳೆ ಇನ್ನೂ ಎತ್ತರ. ಫಿಲ್ಟರ್ ಒಳ್ಳೆಯದೇ ಆಯಿತು, ಗ್ರೌಂಡ್ ಹದಗೆಟ್ಟಿತು.

ಇನ್ನೊಂದು ಮಾತು. ಸೆಂಟರ್ ಟ್ಯಾಪ್ ಟ್ರಾನ್ಸ್‌ಫಾರ್ಮರ್ ಮತ್ತು ಒಂದೇ ಬ್ರಿಡ್ಜ್ ಇದ್ದಿದ್ದರೆ ಇದೇ ತಪ್ಪು ಮಾಡಿಯೂ ನೀವು ಬಚಾವಾಗುತ್ತಿದ್ದಿರಿ. ಅಲ್ಲಿ ಪ್ಲಸ್ ಮತ್ತು ಮೈನಸ್ ಎರಡೂ ಒಂದೇ ಕ್ಷಣದಲ್ಲಿ ತುಂಬುತ್ತವೆ, ನಡುವಿನ ವೈರಿನಲ್ಲಿ ಎರಡು ಕರೆಂಟು ಎದುರು ಬದುರಾಗಿ ಬಹುಪಾಲು ಕಳೆದುಹೋಗುತ್ತದೆ. ಎರಡು ಬ್ರಿಡ್ಜ್ ಹಾಕಿ, ಒಂದರ ವೈರು ಮಾತ್ರ ಬೋಲ್ಟ್ ಸುತ್ತಿ ಬಂದರೆ ಆ ಅನುಕೂಲ ಇಲ್ಲ. ಎರಡು ಬ್ರಿಡ್ಜ್ ಅಂದರೆ ಒಳ್ಳೆಯ ಆಂಪ್ಲಿಫೈಯರ್ ಅಂತ ಹಾಕುವವರು ಇದನ್ನು ಮರೆಯುತ್ತಾರೆ.

ಮಾಡಬೇಕಾದದ್ದು: ಬ್ರಿಡ್ಜಿನ ವೈರುಗಳೆಲ್ಲ ನೇರ ಕೆಪಾಸಿಟರ್ ಕಾಲಿಗೇ, ಬೇರೆಲ್ಲೂ ಇಳಿಯದೆ. ಎರಡು ಕೆಪಾಸಿಟರನ್ನು ಸೇರಿಸುವ ವೈರು ಕೊಳಕು ಜಾಗ, ಅದರ ಮೇಲೆ ಇನ್ನೇನನ್ನೂ ಬೆಸೆಯಬೇಡಿ. ಅದರ ನಡುಮಧ್ಯದಿಂದ 3-4 ಸೆಂಟಿಮೀಟರಿನ ದಪ್ಪ ವೈರ್ ಒಂದನ್ನು ಟಿ ಆಕಾರದಲ್ಲಿ ಹೊರಗೆ ತನ್ನಿ. ಆ ವೈರಿನ ತುದಿ ನಿಮ್ಮ ಸ್ಟಾರ್. ಚಾಸಿಯ ಬೋಲ್ಟ್ ಸ್ಟಾರ್ ಅಲ್ಲ! ಬೋರ್ಡಿನ ಗ್ರೌಂಡ್, ಸ್ಪೀಕರಿನ ಮೈನಸ್ ಈ ತುದಿಗೆ ಬರಲಿ. ಪಾಟಿನ ಗ್ರೌಂಡ್ ಇಲ್ಲಿಗೂ ಬರಬಾರದು, ಶೀಲ್ಡ್ ವೈರಿನ ಜೊತೆಗೇ ಬೋರ್ಡಿನ ಇನ್‌ಪುಟ್ ಗ್ರೌಂಡಿಗೆ ಹೋಗಬೇಕು.

ಡೆಸಿಬೆಲ್ ದಾಸ:

ಹಳೇ ವಾಲ್ವ್ ಹೇಳಿದ್ದಕ್ಕೆ ಒಂದೆರಡು ಸೇರಿಸುತ್ತೇನೆ.

ಕೊನೆಯ ಸಾಲಿನಲ್ಲಿ ಒಂದು ಬಲೆ ಇದೆ. ಎರಡು ಚಾನಲ್ಲಿನ ಇನ್‌ಪುಟ್ ಗ್ರೌಂಡ್ ಪಾಟಿನಲ್ಲಿ ಸೇರುತ್ತವೆ, ಎರಡು ಬೋರ್ಡಿನ ಗ್ರೌಂಡ್ ಸ್ಟಾರಿನಲ್ಲಿ ಸೇರುತ್ತವೆ. ಅಲ್ಲಿಗೆ ಡಬ್ಬಿಯೊಳಗೇ ಒಂದು ಉಂಗುರ ಆಯಿತು, ಪಕ್ಕದಲ್ಲೇ ಟೊರಾಯ್ಡ್ ಕೂತಿದೆ. ಉಂಗುರದೊಳಗೆ ಕಾಂತಕ್ಷೇತ್ರ ನುಗ್ಗಿದಷ್ಟೂ ಹಮ್. ಅದಕ್ಕೆ ಪ್ರತಿ ಬೋರ್ಡಿನಲ್ಲೂ ಇನ್‌ಪುಟ್ ಗ್ರೌಂಡ್ ಮತ್ತು ಪವರ್ ಗ್ರೌಂಡ್ ನಡುವೆ 10 ಓಮ್ ರೆಸಿಸ್ಟರ್ ಹಾಕಿ. ಫೀಡ್‌ಬ್ಯಾಕ್‌ನ 1ಕೆ ರೆಸಿಸ್ಟರಿನ ಗ್ರೌಂಡ್ ತುದಿ ಇನ್‌ಪುಟ್ ಗ್ರೌಂಡ್ ಕಡೆಗಿರಲಿ, ಇಲ್ಲದಿದ್ದರೆ 10 ಓಮ್ ಮೇಲೆ ಬೀಳುವ ವೋಲ್ಟೇಜೂ ಹಾಡಾಗುತ್ತದೆ. ಎಡ ಬಲ ಎರಡೂ ಶೀಲ್ಡ್ ವೈರನ್ನು ಒಂದಕ್ಕೊಂದು ಅಂಟಿಸಿಕೊಂಡೇ ಓಡಿಸಿ, ಮೇನ್ಸ್ ವೈರನ್ನು ಜಡೆ ಹೆಣೆದ ಹಾಗೆ ಹೊಸೆದು ಚಾಸಿಯ ಮೂಲೆಗೆ ಒತ್ತಿ.

ಅಲ್ಯೂಮಿನಿಯಂ ಡಬ್ಬಿ ಬೇಡ. 50 ಹರ್ಟ್ಸ್ ಕಾಂತಕ್ಷೇತ್ರಕ್ಕೆ ಅಲ್ಯೂಮಿನಿಯಂನಲ್ಲಿ ಸ್ಕಿನ್ ಡೆಪ್ತ್ (ಕ್ಷೇತ್ರ ಎಷ್ಟು ಆಳ ಇಳಿಯುತ್ತದೆ ಅನ್ನುವ ಅಳತೆ) ಸುಮಾರು 12 ಮಿಲಿಮೀಟರ್. 2 ಮಿಲಿಮೀಟರ್ ತಗಡು ಅದಕ್ಕೆ ಸೊಳ್ಳೆ ಪರದೆ ಹಾಕಿ ಮಳೆ ತಡೆದ ಹಾಗೆ. ಕಬ್ಬಿಣದ ತಗಡು ಸ್ವಲ್ಪ ಕೆಲಸ ಮಾಡುತ್ತದೆ. ಎಲ್ಲಕ್ಕಿಂತ ಸುಲಭ ದೂರ ಇಡುವುದು ಮತ್ತು ತಿರುಗಿಸುವುದು. ಟೊರಾಯ್ಡಿನಲ್ಲಿ ವೈರು ಹೊರಗೆ ಬರುವ ಕಡೆ ಸೋರಿಕೆ ಜಾಸ್ತಿ. ಆ ಕಡೆ ಇನ್‌ಪುಟ್ ಇರದ ಹಾಗೆ ನೋಡಿಕೊಳ್ಳಿ.

ಇನ್ನು, ಎಷ್ಟು ಮಿಲಿವೋಲ್ಟಿಗೆ ಇಳಿಸಿದರೆ ಸಾಕು? 2.83 ವೋಲ್ಟಿಗೆ 90 ಡೆಸಿಬೆಲ್ ಕೊಡುವ ಸ್ಪೀಕರ್ ಅಂದುಕೊಂಡರೆ 2.83 ಮಿಲಿವೋಲ್ಟಿಗೆ ಒಂದು ಮೀಟರ್ ದೂರದಲ್ಲಿ 30 ಡೆಸಿಬೆಲ್. ನಮ್ಮ ಕಿವಿಗೆ 50 ಹರ್ಟ್ಸ್ ಕೇಳಿಸಲು ಸುಮಾರು 44 ಡೆಸಿಬೆಲ್ ಬೇಕು, 100 ಹರ್ಟ್ಸಿಗೆ ಸುಮಾರು 27 ಸಾಕು, ಮೇಲೆ ಹೋದ ಹಾಗೆ ಇನ್ನೂ ಕಮ್ಮಿ. ಹಾಗಾಗಿ ಅದೇ 3 ಮಿಲಿವೋಲ್ಟು ನುಣುಪು 50 ಆಗಿದ್ದರೆ ಕೇಳಿಸುವುದೇ ಇಲ್ಲ, ಹುಳದ ಸದ್ದಾಗಿದ್ದರೆ ಜೀವ ತಿನ್ನುತ್ತದೆ. ಅರ್ಧ ಮಿಲಿವೋಲ್ಟಿಗೆ ಬಂದರೆ ಸ್ಕ್ರೂಡ್ರೈವರ್ ಕೆಳಗಿಡಬಹುದು.

ಬೆಸುಗೆ ಬಂಟ:

ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ಟಿ ಮಾಡಿದ ಕೂಡಲೇ 6 ಇದ್ದದ್ದು 0.9ಕ್ಕೆ ಬಂತು. 10 ಓಮ್ ಹಾಕಿದ ಮೇಲೆ 0.5. ಟ್ವೀಟರಿಗೆ ಕಿವಿ ಕೊಟ್ಟರೆ ಬರೀ ಉಸ್ ಅನ್ನುತ್ತದೆ, ಹುಳ ಇಲ್ಲ. ಒಂದು ಗಿಡ್ಡ ವೈರಿಗೆ ಮೂರು ವಾರ ಕಳೆದೆ, ಆ ವೈರನ್ನು ಬಿಸಾಡದೆ ಎತ್ತಿಟ್ಟಿದ್ದೇನೆ.

ಆದರೆ ಕಂಪ್ಯೂಟರ್ ಹಾಕಿದರೆ ಹೂಂಕಾರ ಹಾಗೇ ಇದೆ, 4 ಮಿಲಿವೋಲ್ಟ್. ಸೌಂಡ್ ಕಾರ್ಡಿನಲ್ಲಿ ಸ್ಪೆಕ್ಟ್ರಮ್ ನೋಡೋಣ ಅಂತ ಆಂಪ್ಲಿಫೈಯರಿನ ಔಟ್‌ಪುಟ್ ಕಂಪ್ಯೂಟರಿಗೆ ಕೊಟ್ಟರೆ ಶಾರ್ಟಿಂಗ್ ಪ್ಲಗ್ ಇದ್ದರೂ ಹಮ್ ಬರುತ್ತದೆ!

ಹಳೇ ವಾಲ್ವ್:

ಅಳೆಯಲು ಹೋಗಿ ಲೂಪ್ ನೀವೇ ಮಾಡಿಕೊಂಡಿರಿ. ಲ್ಯಾಪ್‌ಟಾಪ್ ಇದ್ದರೆ ಚಾರ್ಜರ್ ಕಿತ್ತು, ಬ್ಯಾಟರಿಯಲ್ಲೇ ಹಾಡು ಹಾಕಿ ನೋಡಿ. ಹಮ್ ಪೂರ್ತಿ ಹೋದರೆ ಎರಡನೇ ಕಾಯಿಲೆ ಯಾವುದು ಅಂತ ಖಾತ್ರಿ.

ಲೈನ್‌ಮ್ಯಾನ್ ಮಗ:

ಹೋಗುತ್ತದೆ, ನೋಡಿ. ಕಂಪ್ಯೂಟರಿನ ಮೈ ಅರ್ಥಿಂಗಿಗೆ ಸೇರಿದೆ, ಆಂಪ್ಲಿಫೈಯರ್ ಮೈಯೂ ಸೇರಿದೆ, ನಡುವೆ ಆರ್‌ಸಿಎ ಶೀಲ್ಡ್. ಎರಡು ಸಾಕೆಟ್ ದೂರ ದೂರ ಇದ್ದರೆ ಗೋಡೆಯೊಳಗಿನ ಅರ್ಥಿಂಗ್ ವೈರೂ ಸೇರಿ ದೊಡ್ಡ ಉಂಗುರ. ಮೊದಲು ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಸಾಲದಿದ್ದರೆ, ಅರ್ಥಿಂಗ್ ಕೀಳದೆ ಲೂಪ್ ಮುರಿಯುವ ದಾರಿ ಇದೆ. ಅರ್ಥಿಂಗ್ ವೈರ್ ಚಾಸಿಗೆ ನೇರ ಇರಲಿ, ಅದನ್ನು ಮುಟ್ಟಬೇಡಿ. ಸ್ಟಾರಿನಿಂದ ಚಾಸಿಗೆ ಹೋಗುವ ವೈರನ್ನು ಮಾತ್ರ ಕತ್ತರಿಸಿ, ನಡುವೆ 10 ಓಮ್ 5 ವ್ಯಾಟ್ ರೆಸಿಸ್ಟರ್, ಅದಕ್ಕೆ ಅಡ್ಡಲಾಗಿ 100 ನ್ಯಾನೋಫ್ಯಾರಡ್ ಕೆಪಾಸಿಟರ್, ಇನ್ನೂ ಅಡ್ಡಲಾಗಿ ಒಂದು 35 ಆಂಪಿಯರ್ ಬ್ರಿಡ್ಜ್. ಬ್ರಿಡ್ಜಿನ ಪ್ಲಸ್ ಮೈನಸ್ ಎರಡನ್ನೂ ಸೇರಿಸಿ ಬೆಸೆದು, ಎಸಿ ಕಾಲು ಒಂದನ್ನು ಸ್ಟಾರಿಗೆ, ಇನ್ನೊಂದನ್ನು ಚಾಸಿಗೆ. ಲೂಪಿನ ಕೆಲವೇ ಮಿಲಿವೋಲ್ಟಿಗೆ ಡಯೋಡ್ ತೆರೆಯುವುದಿಲ್ಲ, 10 ಓಮ್ ಅಡ್ಡ ನಿಲ್ಲುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟು ಫೇಸ್ ಸೆಕೆಂಡರಿಗೆ ಬಂತು ಅಂದರೆ ಡಯೋಡ್ ಬಾಗಿಲು ತೆರೆದು ಫ್ಯೂಸ್ ಹಾರುವ ತನಕ ಕರೆಂಟನ್ನು ಅರ್ಥಿಂಗಿಗೆ ಸಾಗಿಸುತ್ತದೆ. ಅದಕ್ಕೇ 35 ಆಂಪಿಯರಿನದು ಬೇಕು, ಚಿಕ್ಕ ಡಯೋಡ್ ಹಾಕಿದರೆ ಫ್ಯೂಸಿಗಿಂತ ಮೊದಲು ಅದೇ ಹಾರುತ್ತದೆ.

ಆರ್‌ಸಿಎ ಸಾಕೆಟ್ಟು ಚಾಸಿಗೆ ತಾಗುತ್ತಿದ್ದರೆ ಇದೆಲ್ಲ ದಂಡ. ಪ್ಲಾಸ್ಟಿಕ್ ವಾಷರ್ ಇದೆಯಾ ನೋಡಿ.

ಕಿವಿ ಚುರುಕು:

ಸರಿ, ನಾನೂ ಅರ್ಥಿಂಗ್ ವಾಪಸ್ ಹಾಕಿದೆ. ಬೈಗುಳ ಸಾಕು. ಈಗ ನನ್ನ ಪ್ರಶ್ನೆ, ಸ್ಪೀಕರ್ ಸುಮ್ಮನಿದೆ, ಟ್ರಾನ್ಸ್‌ಫಾರ್ಮರೇ ಗುರ್ ಅನ್ನುತ್ತದೆ. ಅದೂ ದಿನವೆಲ್ಲ ಅಲ್ಲ, ಕೆಲವು ಹೊತ್ತು ಮಾತ್ರ. ಇದೂ ಗ್ರೌಂಡಾ?

ಡೆಸಿಬೆಲ್ ದಾಸ:

ಅಲ್ಲ. ಅದು ಲೈನಿನಲ್ಲಿ ಸೇರಿದ ಡಿಸಿ. ಹೇರ್ ಡ್ರೈಯರ್ ಕೆಲವು ಕಡಿಮೆ ಶಾಖದಲ್ಲಿ ಡಯೋಡ್ ಮೂಲಕ ಅರ್ಧ ಅಲೆ ಮಾತ್ರ ಎಳೆಯುತ್ತವೆ, ಆಗ ಲೈನಿನ ಎರಡು ಅರ್ಧ ಸಮ ಇರುವುದಿಲ್ಲ. ಟೊರಾಯ್ಡಿನ ಪ್ರೈಮರಿಗೆ ಓಮ್ ಕಮ್ಮಿ, ಕೋರ್‌ನಲ್ಲಿ ಗಾಳಿಯ ಸಂದೂ ಇಲ್ಲ, ಹಾಗಾಗಿ ಕೆಲವು ನೂರು ಮಿಲಿವೋಲ್ಟ್ ಡಿಸಿ ಸಾಕು, ಕೋರ್ ಒಂದು ಕಡೆಗೆ ತುಂಬಿ ಗುರುಗುಟ್ಟುತ್ತದೆ. ಮನೆಯಲ್ಲಿ ಯಾರಾದರೂ ತಲೆ ಒಣಗಿಸುವಾಗಲೇ ಬರುತ್ತದಾ ಗಮನಿಸಿ. ಡಿಸಿ ಬ್ಲಾಕರ್ ಬೇರೆ ಥ್ರೆಡ್‌ನಲ್ಲಿ ಕೇಳಿ, ಅದು ಮೇನ್ಸ್ ಕಡೆಯ ಕೆಲಸ, ಎರಡು ಸಾಲಿನಲ್ಲಿ ಹೇಳುವಂಥದ್ದಲ್ಲ.

ಬೆಸುಗೆ ಬಂಟ:

ಎಲ್ಲ ಮುಗಿಯಿತು ಅಂತ ಬರೆಯಲು ಬಂದೆ. ಒಂದೇ ಬೋರ್ಡಿಗೆ ಹಾಕಿದಾಗ 4 ಇದ್ದದ್ದು 1.5 ಆಯಿತು. ಆರ್‌ಸಿಎ ಒಂದರ ವಾಷರ್ ಒಡೆದು ಚಾಸಿಗೆ ತಾಗುತ್ತಿತ್ತು, ಬದಲಿಸಿ ಬ್ರಿಡ್ಜ್ ಹಾಕಿದ ಮೇಲೆ 0.6. ಮೌಸಿನ ಕಿರಕಿರ ಮಾತ್ರ ಚೂರು ಉಳಿದಿತ್ತು. ಹಳೆ ಡ್ಯಾಕ್ (ಡಿಜಿಟಲ್ ಸಿಗ್ನಲ್ಲನ್ನು ಅನಲಾಗ್ ಮಾಡುವ ಪೆಟ್ಟಿಗೆ) ಒಂದಕ್ಕೆ ಆಪ್ಟಿಕಲ್ ಕೇಬಲ್ ಹಾಕಿ ಕೇಳಿದೆ, ಅದೂ ಹೋಯಿತು. ಬೆಳಕಿಗೆ ಗ್ರೌಂಡ್ ಇಲ್ಲವಲ್ಲ.

ಟ್ರಾನ್ಸ್‌ಫಾರ್ಮರನ್ನು ಕಾಲು ಸುತ್ತು ತಿರುಗಿಸಿದ್ದೇನೆ. ಇನ್ನು ಮೇಲಿನ ಮುಚ್ಚಳ ಹಾಕಿ ಸ್ಕ್ರೂ ಬಿಗಿಯುವುದೊಂದೇ ಬಾಕಿ.

ಹಳೇ ವಾಲ್ವ್:

ನಿಲ್ಲಿ. ಟೊರಾಯ್ಡಿನ ನಡುವಿನ ಬೋಲ್ಟು ಎಷ್ಟು ಉದ್ದ ಮೇಲೆ ಬಂದಿದೆ? ಅದರ ತುದಿ ಮುಚ್ಚಳಕ್ಕೆ ತಾಗಿದರೆ ಬೋಲ್ಟ್, ಮುಚ್ಚಳ, ಚಾಸಿ ಸೇರಿ ಕೋರ್ ಸುತ್ತ ಒಂದು ಸುತ್ತಿನ ವೈಂಡಿಂಗ್ ಆಗುತ್ತದೆ, ಅದೂ ಶಾರ್ಟ್ ಆದ ವೈಂಡಿಂಗ್. ಆನ್ ಮಾಡಿದ ಕೂಡಲೇ ಫ್ಯೂಸ್, ಫ್ಯೂಸ್ ತಪ್ಪಿದರೆ ಟ್ರಾನ್ಸ್‌ಫಾರ್ಮರ್.

ಬೆಸುಗೆ ಬಂಟ:

ಅಯ್ಯೋ. ಮುಚ್ಚಳ ಇಟ್ಟು ನೋಡಿದೆ, ಎರಡು ಮಿಲಿಮೀಟರ್ ಅಂತರವೂ ಇಲ್ಲ, ನಡುವೆ ಒತ್ತಿದರೆ ತಾಗುತ್ತದೆ. ಬೋಲ್ಟಿನ ತುದಿ ಗರಗಸದಲ್ಲಿ ಕುಯ್ದು, ಮೇಲೆ ರಬ್ಬರ್ ಟೋಪಿ ಹಾಕಿದೆ. ಈಗ ಬಿಗಿಯುತ್ತೇನೆ.